ಮುಂದೆ ಹೋಗಿ ಹಿಂದಿರುಗಿದವನು

ಸಂಕಟದ ಕಾಲದಲ್ಲಿ ಗುರುತು ಪರಿಚಯವಿಲ್ಲದವರು ಬಂದು ಕೈಹಿಡಿದ ಪ್ರಸಂಗಗಳನ್ನು ಕೇಳದ ಮನೆ ನಮ್ಮಲ್ಲಿ ಇರಲಾರದು. ಪ್ರಯಾಣದಲ್ಲಿ ಹಣ ಕಳೆದುಕೊಂಡವರಿಗೆ ಟಿಕೆಟ್ಟು ಕೊಡಿಸಿದವರು, ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಹೆಸರನ್ನೂ ಹೇಳದೆ ಹೋದವರು, ನಡುರಾತ್ರಿಯಲ್ಲಿ ಕೆಟ್ಟುನಿಂತ ವಾಹನದ ಪಕ್ಕದಲ್ಲಿ ತಮ್ಮದನ್ನೂ ನಿಲ್ಲಿಸಿದವರು. ಇಂಥವರನ್ನು ನೆನೆಯುವಾಗ ನಮ್ಮ ಮಾತು ಸಾಮಾನ್ಯವಾಗಿ ‘ದೇವರೇ ಕಳುಹಿಸಿದಂತೆ ಬಂದರು’ ಎಂಬಲ್ಲಿಗೆ ಮುಟ್ಟಿ ನಿಲ್ಲುತ್ತದೆ. ಆ ಮಾತಿನಲ್ಲಿ ಕೃತಜ್ಞತೆಯಿದೆ, ವಿಶ್ವಾಸವೂ ಇದೆ. ಆದರೆ ಅದು ಒಂದು ಪ್ರಶ್ನೆಯನ್ನು ಕೇಳದೆಯೇ ಬಿಟ್ಟುಬಿಡುತ್ತದೆ. ನೆರವು ಪಡೆದವನಿಗೆ ಅದು ಅನಿರೀಕ್ಷಿತ ನಿಜ. ಕೊಟ್ಟವನಿಗೆ? ಅವನು ಆ ದಿನ ಮನೆಯಿಂದ ಹೊರಟಾಗ ಏನನ್ನು ಎಣಿಸಿದ್ದ? ನಿಲ್ಲುವ ಮುನ್ನ ಅವನ ಮನಸ್ಸಿನಲ್ಲಿ ಏನು ನಡೆಯಿತು?

ಇಂಥ ಪ್ರಸಂಗಗಳನ್ನು ಆಧರಿಸಿದ ಕಥೆಗಳಿಗೆ ಯಾವ ಭಾಷೆಯಲ್ಲಿಯೂ ಬರವಿಲ್ಲ. ನಮ್ಮ ಪ್ರಬೋಧನೆಗಳಲ್ಲಿಯೂ ಮಕ್ಕಳ ಧರ್ಮೋಪದೇಶ ತರಗತಿಗಳಲ್ಲಿಯೂ ಅವು ಧಾರಾಳವಾಗಿ ಬಳಕೆಯಾಗುತ್ತವೆ. ಅವುಗಳಲ್ಲಿ ಹೆಚ್ಚಿನವು ಉಪಕಾರಿಯನ್ನು ಹೊರಗಿನಿಂದ ಮಾತ್ರ ತೋರಿಸುತ್ತವೆ. ಅವನು ಬರುತ್ತಾನೆ, ಕೊಡುತ್ತಾನೆ, ಮರೆಯಾಗುತ್ತಾನೆ. ಅವನ ಒಳ್ಳೆಯತನ ಮೊದಲೇ ಸಿದ್ಧವಾಗಿರುತ್ತದೆ. ಓದುಗರ ಕಣ್ಣು ಒದ್ದೆಯಾಗುತ್ತದೆ. ಆದರೆ ಆ ಕಥೆಯಲ್ಲಿ ಅವರಿಗೆ ತಮ್ಮ ಮುಖ ಕಾಣುವುದಿಲ್ಲ. ಈ ಸಾಲಿನಿಂದ ಬೇರೆಯಾಗಿ ನಿಲ್ಲುವ ಒಂದು ಕಥೆ ರಷ್ಯದ ಲಿಯೊ ಟಾಲ್‌ಸ್ಟಾಯ್ ಬರೆದ ‘ಮನುಷ್ಯರು ಯಾವುದರಿಂದ ಬದುಕುತ್ತಾರೆ?’. ಕೊಡುವವನ ಮನಸ್ಸಿನ ಒಳಗನ್ನು ತೆರೆದು ತೋರಿಸುವುದರಿಂದ ಇದನ್ನು ಮತ್ತೊಮ್ಮೆ ಎಚ್ಚರದಿಂದ ಓದಬೇಕಾಗಿದೆ.

ಈ ಕಥೆ ಮೊದಲು ಪ್ರಕಟವಾದದ್ದು 1881ರಲ್ಲಿ, ಮಕ್ಕಳ ಪತ್ರಿಕೆಯೊಂದರಲ್ಲಿ. 1879ರಲ್ಲಿ ಶ್ಚೆಗೊಲ್ಯೋನಕ್ ಎಂಬ ಜನಪದ ಕಥೆಗಾರ ಟಾಲ್‌ಸ್ಟಾಯ್ ಅವರ ಯಾಸ್ನಯಾ ಪೊಲ್ಯಾನಾದ ಮನೆಗೆ ಬಂದು ತಂಗಿದ್ದ. ಅವನು ಹೇಳಿದ ಕಥೆಗಳಲ್ಲಿ ಒಂದು ಇದಕ್ಕೆ ಮೂಲವಾಯಿತು. ‘ಯುದ್ಧ ಮತ್ತು ಶಾಂತಿ’, ‘ಅನ್ನಾ ಕರೆನಿನಾ’ದಂತಹ ಬೃಹತ್ ಕಾದಂಬರಿಗಳನ್ನು ಮುಗಿಸಿದ್ದ ಲೇಖಕ, ರೈತರಿಗೂ ಮಕ್ಕಳಿಗೂ ಅರ್ಥವಾಗುವ ಭಾಷೆಯನ್ನು ಅರಸುತ್ತಿದ್ದ ಕಾಲವದು. ಅವರು ಮುಂದೆ ತಮ್ಮ ದೇಶದ ಧರ್ಮಸಭೆಯೊಡನೆ ಮುನಿದರು; 1901ರಲ್ಲಿ ಅದರಿಂದ ಬಹಿಷ್ಕೃತರೂ ಆದರು. ಅವರ ಎಲ್ಲ ಧಾರ್ಮಿಕ ವಿಚಾರಗಳನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಈ ಕಥೆಯ ತಲೆಯ ಮೇಲೆ ಅವರು ಇಟ್ಟಿರುವುದು ಸಂತ ಯೊವಾನ್ನನ ಮೊದಲನೆಯ ಪತ್ರದ ವಾಕ್ಯಗಳನ್ನು. ನಮ್ಮ ಧರ್ಮಕೇಂದ್ರಗಳಲ್ಲಿ ಕ್ರಿಸ್ತಜಯಂತಿಯ ಸಮಯದಲ್ಲಿ ಅಭಿನಯಿಸಲು ತಕ್ಕ ಅವರ ಇನ್ನೊಂದು ಕಥೆಯನ್ನು, ಕ್ರಿಸ್ತನ ಬರವಿಗಾಗಿ ದಿನವಿಡೀ ಕಾದು ಕೂತ ಮಾರ್ಟಿನ್ ಎಂಬವನ ಕಥೆಯನ್ನು, ಓದುಗರಲ್ಲಿ ಹಲವರು ಬಲ್ಲರು. ಅದು 1885ರದು. ಅದರ ಅಣ್ಣನಂತಿರುವ ಈ ಕಥೆ ಅದಕ್ಕಿಂತ ಗಂಭೀರವಾದುದು.

ಕಥಾನಾಯಕ ಸೆಮ್ಯೋನ್ ಜೋಡು ಹೊಲಿಯುವವನು. ಸ್ವಂತ ಮನೆಯಿಲ್ಲ, ನೆಲವಿಲ್ಲ. ರೊಟ್ಟಿ ದುಬಾರಿ, ದುಡಿಮೆ ಅಗ್ಗ. ಗಂಡ ಹೆಂಡಿರಿಬ್ಬರಿಗೂ ಸೇರಿ ಚಳಿಗಾಲಕ್ಕೆ ಇರುವುದು ಒಂದೇ ಕುರಿಚರ್ಮದ ಮೇಲಂಗಿ. ಅದೂ ಹರಿದು ಚಿಂದಿಯಾಗಿದೆ. ಹೊಸದನ್ನು ಮಾಡಿಸಲು ಎರಡು ವರ್ಷದಿಂದ ಆಸೆ. ಹೆಂಡತಿ ಮತ್ರಿಯೋನಾಳ ಪೆಟ್ಟಿಗೆಯಲ್ಲಿ ಮೂರು ರೂಬಲ್ ಇದೆ; ಊರಿನ ರೈತರಿಂದ ಬರಬೇಕಾದ ಬಾಕಿ ಐದು ರೂಬಲ್ ಇಪ್ಪತ್ತು ಕೊಪೆಕ್. ಬಾಕಿ ವಸೂಲಿಗೆ ಹೊರಟವನಿಗೆ ಒಂದು ಮನೆಯಲ್ಲಿ ಯಜಮಾನ ಸಿಗುವುದಿಲ್ಲ, ಇನ್ನೊಂದರಲ್ಲಿ ಹಣವಿಲ್ಲವೆಂದು ಆಣೆ ಇಡುತ್ತಾರೆ. ಕೊನೆಗೆ ಕೈಗೆ ಬಂದದ್ದು ಇಪ್ಪತ್ತು ಕೊಪೆಕ್. ಚರ್ಮದ ವ್ಯಾಪಾರಿ ಸಾಲ ಕೊಡುವುದಿಲ್ಲ. ಬೇಸರದಲ್ಲಿ ಸೆಮ್ಯೋನ್ ಆ ಇಪ್ಪತ್ತು ಕೊಪೆಕ್ಕನ್ನೂ ವೋಡ್ಕಾ ಕುಡಿದು ಮುಗಿಸುತ್ತಾನೆ. ಹೆಂಡತಿಯ ಹತ್ತಿತುಂಬಿದ ಕುಪ್ಪಸದ ಮೇಲೆ ತನ್ನ ಬಟ್ಟೆಯ ನಿಲುವಂಗಿ ತೊಟ್ಟು, ದುರಸ್ತಿಗೆಂದು ಸಿಕ್ಕ ಒಂದು ಜೊತೆ ಉಣ್ಣೆಯ ಬೂಟುಗಳನ್ನು ಹಿಡಿದು, ತನಗೆ ತಾನೇ ಮಾತನಾಡಿಕೊಳ್ಳುತ್ತ ಮನೆಯ ದಾರಿ ಹಿಡಿಯುತ್ತಾನೆ.

ಲೇಖಕರು ಈ ಲೆಕ್ಕವನ್ನೆಲ್ಲ ಇಷ್ಟು ಕಟ್ಟುನಿಟ್ಟಾಗಿ ಕೊಡುವುದರಲ್ಲಿ ಅರ್ಥವಿದೆ. ಪರೋಪಕಾರಕ್ಕೆ ಹೊರಟವನಲ್ಲ ಇವನು. ಇವನೇ ಆ ದಿನ ಕರುಣೆಗೆ ಪಾತ್ರನಾಗಬೇಕಾದವನು. ಕೈಯಲ್ಲಿ ಕಾಸಿಲ್ಲ, ಹೊಟ್ಟೆಯಲ್ಲಿ ಕುಡಿತವಿದೆ, ಮನಸ್ಸಿನಲ್ಲಿ ಕಹಿಯಿದೆ, ಮನೆಯಲ್ಲಿ ಹೆಂಡತಿಯ ಕೋಪ ಕಾದಿದೆ.

ದಾರಿಯ ತಿರುವಿನ ಸಣ್ಣ ಗುಡಿಯ ಪಕ್ಕದಲ್ಲಿ ಬೆಳ್ಳಗೆ ಏನೋ ಕಾಣುತ್ತದೆ. ಹತ್ತಿರ ಹೋದರೆ, ಒಬ್ಬ ಮನುಷ್ಯ, ಮೈಮೇಲೆ ಬಟ್ಟೆಯಿಲ್ಲದೆ, ಗೋಡೆಗೊರಗಿ ಅಲುಗಾಡದೆ ಕುಳಿತಿದ್ದಾನೆ. ಸೆಮ್ಯೋನ್‌ಗೆ ಮೊದಲು ಹುಟ್ಟುವುದು ಭಯ. ಯಾರೋ ಕೊಂದು ಬಟ್ಟೆ ಕಿತ್ತುಕೊಂಡು ಹೋಗಿರಬೇಕು. ಹತ್ತಿರ ಹೋದರೆ ತನ್ನ ತಲೆಗೇ ಬರುತ್ತದೆ. ಅವನು ಮುಂದೆ ಸಾಗುತ್ತಾನೆ. ತಿರುಗಿ ನೋಡಿದಾಗ ಆ ಮನುಷ್ಯ ಅಲುಗಿದಂತೆ ಕಾಣುತ್ತದೆ. ಆಗಲೂ ನಿಲ್ಲದೆ ಹೆಜ್ಜೆಯನ್ನು ಚುರುಕುಗೊಳಿಸುತ್ತಾನೆ. ಗುಡಿಯನ್ನು ದಾಟಿದ ಮೇಲೆ ಅವನ ಅಂತಃಸಾಕ್ಷಿ ಚುಚ್ಚುತ್ತದೆ: ಕಳ್ಳರಿಗೆ ಹೆದರುವಷ್ಟು ನಿನ್ನಲ್ಲಿ ಸಂಪತ್ತು ತುಂಬಿದೆಯೇ ಎಂದು ತನ್ನನ್ನೇ ಕೇಳಿಕೊಂಡು, ನಾಚಿ, ಹಿಂದಿರುಗುತ್ತಾನೆ. ತನ್ನ ನಿಲುವಂಗಿಯನ್ನು ಬಿಚ್ಚಿ ಆತನಿಗೆ ಹೊದಿಸುತ್ತಾನೆ, ಉಣ್ಣೆಯ ಬೂಟುಗಳನ್ನು ತೊಡಿಸುತ್ತಾನೆ. ಟೊಪ್ಪಿಯನ್ನೂ ಕೊಡಲು ತೆಗೆದವನು, ತನ್ನ ತಲೆ ಬೋಳು, ಅವನಿಗಾದರೆ ಉದ್ದ ಕೂದಲಿದೆ ಎಂದು ಮತ್ತೆ ತಾನೇ ಹಾಕಿಕೊಳ್ಳುತ್ತಾನೆ. ಈ ಟೊಪ್ಪಿಯ ವಿವರ ಎಷ್ಟು ಸಹಜ! ಹೃದಯ ಕರಗಿದ ಮೇಲೂ ಬಡವನ ಲೆಕ್ಕಾಚಾರ ನಿಲ್ಲುವುದಿಲ್ಲ.

ಇಲ್ಲಿ ನಮಗೆ ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯ ನೆನಪಾಗಲೇಬೇಕು. ಜೆರಿಕೋ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡು ಯಾಜಕನೊಬ್ಬ ಪಕ್ಕಕ್ಕೆ ಸರಿದು ಹೋದ; ಲೇವಿಯನೂ ಹಾಗೆಯೇ ಹೋದ; ಸಮಾರಿಯದವನು ನಿಂತ. ಅಲ್ಲಿ ಮೂವರು ಬೇರೆ ಬೇರೆ ಮನುಷ್ಯರು. ಟಾಲ್‌ಸ್ಟಾಯ್ ಆ ಮೂವರನ್ನು ಒಬ್ಬನೇ ಮನುಷ್ಯನ ಒಳಗೆ, ಕೆಲವೇ ಹೆಜ್ಜೆಗಳ ಅಂತರದಲ್ಲಿ ಇಟ್ಟಿದ್ದಾರೆ. ದಾಟಿ ಹೋದವನೂ ಸೆಮ್ಯೋನೇ, ನಿಂತವನೂ ಸೆಮ್ಯೋನೇ. ಪೋಪ್ ಫ್ರಾನ್ಸಿಸ್ ಅವರು 2020ರ ಅಕ್ಟೋಬರ್ 3ರಂದು ಸಹಿ ಮಾಡಿದ ‘ಫ್ರಾತೆಲ್ಲಿ ತುತ್ತಿ’ ಎಂಬ ವಿಶ್ವಪರಿಪತ್ರದ ಎರಡನೆಯ ಅಧ್ಯಾಯವನ್ನು ಪೂರ್ತಿಯಾಗಿ ಈ ಸಾಮತಿಗೇ ಮೀಸಲಿಟ್ಟರು. ಗಾಯಗೊಂಡವನು, ದಾಟಿ ಹೋದವನು, ನಿಂತವನು, ಇವರೆಲ್ಲರ ಅಂಶ ನಮ್ಮೊಬ್ಬೊಬ್ಬರಲ್ಲಿಯೂ ಇದೆ ಎಂಬುದು ಅಲ್ಲಿನ ಚಿಂತನೆಯ ಒಂದು ಎಳೆ. ಆ ಎಳೆಯೇ ಇಲ್ಲಿ ಕಥೆಯ ರೂಪದಲ್ಲಿದೆ.

ಇದೇ ಬಗೆಯ ಮತ್ತೊಂದು ಪ್ರಸಿದ್ಧ ಕೃತಿಯೊಡನೆ ಹೋಲಿಸಿದರೆ ಈ ಕಥೆಯ ಹೆಚ್ಚಳ ಇನ್ನೂ ಸ್ಪಷ್ಟವಾಗುತ್ತದೆ. 1862ರಲ್ಲಿ ಪ್ರಕಟವಾದ ವಿಕ್ಟರ್ ಹ್ಯೂಗೋ ಅವರ ‘ಲೆ ಮಿಸೆರಾಬ್ಲ್’ ಕಾದಂಬರಿಯಲ್ಲಿ ಧರ್ಮಾಧ್ಯಕ್ಷ ಮಿರಿಯೆಲ್, ಎಲ್ಲ ಬಾಗಿಲುಗಳಿಂದಲೂ ತಳ್ಳಲ್ಪಟ್ಟ ಜಾನ್ ವಾಲ್‌ಜಾನನಿಗೆ ಆಶ್ರಯ ನೀಡುತ್ತಾರೆ. ಅವನು ಬೆಳ್ಳಿಯ ಸಾಮಾನು ಕದ್ದು ಸಿಕ್ಕಿಬಿದ್ದಾಗ, ಅದನ್ನು ತಾವೇ ಕೊಟ್ಟದ್ದೆಂದು ಹೇಳಿ, ಜೊತೆಗೆ ದೀಪಸ್ತಂಭಗಳನ್ನೂ ಒಪ್ಪಿಸುತ್ತಾರೆ. ಓದಿದವರು ಮರೆಯಲಾಗದ ದೃಶ್ಯ. ಆದರೆ ಹ್ಯೂಗೋ ಅದಕ್ಕೆ ಮೊದಲೇ ಹಲವಾರು ಅಧ್ಯಾಯಗಳಲ್ಲಿ ಮಿರಿಯೆಲ್ ಅವರ ಸಂತಜೀವನವನ್ನು ಚಿತ್ರಿಸಿದ್ದಾರೆ. ಹದಿನೈದು ಸಾವಿರದ ವರಮಾನದಲ್ಲಿ ತಮಗಾಗಿ ಒಂದು ಸಾವಿರವನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ದಾನ ಮಾಡುವವರು ಅವರು. ಅಂಥವರು ಬೆಳ್ಳಿಯನ್ನು ಬಿಟ್ಟುಕೊಟ್ಟಾಗ ನಾವು ಕೈಮುಗಿಯುತ್ತೇವೆ; ಆಶ್ಚರ್ಯಪಡುವುದಿಲ್ಲ. ಸೆಮ್ಯೋನ್ ನಿಂತಾಗ ಆಶ್ಚರ್ಯವಾಗುತ್ತದೆ, ನಮಗಷ್ಟೇ ಅಲ್ಲ, ಅವನಿಗೂ. ಅವನ ದಯೆ ಅವನಿಗೇ ಅನಿರೀಕ್ಷಿತ. ನನ್ನ ದೃಷ್ಟಿಯಲ್ಲಿ ಈ ಕಥೆಯ ತಿರುಳು ಇಲ್ಲಿದೆ.

ಟಾಲ್‌ಸ್ಟಾಯ್ ಇಷ್ಟಕ್ಕೆ ನಿಲ್ಲಿಸುವುದಿಲ್ಲ. ಬೀದಿಯಲ್ಲಿ ತೋರಿದ ದಯೆಯ ಬೆಲೆಯನ್ನು ಮನೆಯಲ್ಲಿ ಯಾರು ತೆರಬೇಕು? ಇದು ಉಪಕಾರದ ಕಥೆಗಳು ಸಾಮಾನ್ಯವಾಗಿ ಕೇಳದ ಪ್ರಶ್ನೆ. ಮತ್ರಿಯೋನಾ ಮನೆಯಲ್ಲಿ ರೊಟ್ಟಿಯ ಲೆಕ್ಕ ಹಾಕುತ್ತಿದ್ದಾಳೆ. ದೊಡ್ಡ ತುಂಡೊಂದು ಉಳಿದಿದೆ. ಗಂಡ ಊರಲ್ಲಿ ಉಂಡು ಬಂದರೆ ನಾಳೆಗೂ ಆದೀತು. ಹಿಟ್ಟು ಇನ್ನೊಂದು ಸಲಕ್ಕೆ ಮಾತ್ರ ಇದೆ. ಶುಕ್ರವಾರದವರೆಗೆ ಹೇಗಾದರೂ ತಳ್ಳಬೇಕು. ಆಗ ಗಂಡ ಬರುತ್ತಾನೆ, ಹೆಂಡದ ವಾಸನೆಯೊಡನೆ, ಕುರಿಚರ್ಮವಿಲ್ಲದೆ, ತನ್ನ ನಿಲುವಂಗಿಯನ್ನೇ ತೊಟ್ಟ ಅಪರಿಚಿತನೊಡನೆ. ಅವಳು ಸಿಡಿದೇಳುತ್ತಾಳೆ. ಗಂಡನ ಮೈಮೇಲಿದ್ದ ತನ್ನ ಕುಪ್ಪಸವನ್ನು ಕಿತ್ತುಕೊಂಡು ಹೊರಡಲು ಬಾಗಿಲವರೆಗೆ ಹೋಗುತ್ತಾಳೆ. ಅವಳ ಕೋಪದಲ್ಲಿ ತಪ್ಪೆಂದು ಎಣಿಸುವಂಥದ್ದು ಏನಿದೆ? ಮಕ್ಕಳ ನಾಳೆಯ ತುತ್ತಿನ ಹೊಣೆ ಹೊತ್ತವಳು ಅವಳು.

ಅವಳಲ್ಲಿ ದೇವರಿಲ್ಲವೇ ಎಂದು ಗಂಡ ಕೇಳುತ್ತಾನೆ. ಅವಳು ನಿಂತು ಆ ಅಪರಿಚಿತನ ಕಡೆ ನೋಡುತ್ತಾಳೆ. ಮನಸ್ಸು ಕರಗುತ್ತದೆ. ಸೆಮ್ಯೋನ್‌ನ ಹಾಗೆಯೇ ಅವಳೂ ಬಾಗಿಲಿನಿಂದ ಹಿಂದಿರುಗಿದವಳು. ಉಳಿದ ರೊಟ್ಟಿಯನ್ನೆಲ್ಲ ಮೇಜಿನ ಮೇಲೆ ಇಡುತ್ತಾಳೆ. ತಾನು ತೇಪೆ ಹಾಕುತ್ತಿದ್ದ ಗಂಡನ ಹಳೆಯ ಅಂಗಿಯನ್ನೂ ಕೊಡುತ್ತಾಳೆ. ಆಗ ಅಪರಿಚಿತನ ಮುಖದಲ್ಲಿ ಮೊದಲ ಬಾರಿಗೆ ಮುಗುಳುನಗೆ ಮೂಡುತ್ತದೆ. ಬೇರೊಬ್ಬ ಲೇಖಕರಾಗಿದ್ದರೆ ದೃಶ್ಯವನ್ನು ಅಲ್ಲಿಗೆ ಮುಗಿಸುತ್ತಿದ್ದರು. ಟಾಲ್‌ಸ್ಟಾಯ್ ಆ ರಾತ್ರಿಯನ್ನೂ ಬರೆಯುತ್ತಾರೆ. ಮತ್ರಿಯೋನಾಳಿಗೆ ನಿದ್ದೆ ಬಾರದು. ನಾಳೆಗೆ ರೊಟ್ಟಿಯಿಲ್ಲ, ಅಂಗಿಯೂ ಹೋಯಿತು. ನಾವು ಎಲ್ಲರಿಗೂ ಕೊಡುತ್ತೇವೆ, ನಮಗೆ ಯಾಕೆ ಯಾರೂ ಕೊಡುವುದಿಲ್ಲ ಎಂದು ಗಂಡನನ್ನು ಕೇಳುತ್ತಾಳೆ. ಸೆಮ್ಯೋನ್‌ಗೆ ಉತ್ತರ ತಿಳಿಯದು. ಮಾತು ಸಾಕೆಂದು ಮಗ್ಗುಲು ತಿರುಗಿ ಮಲಗುತ್ತಾನೆ. ಕೊಟ್ಟ ಮೇಲೂ ಚಿಂತೆ ಉಳಿಯುತ್ತದೆ ಎಂಬುದನ್ನು ಮುಚ್ಚಿಡದ ಈ ಪ್ರಾಮಾಣಿಕತೆಗಾಗಿ ಕುಟುಂಬಸ್ಥರು ಈ ಕಥೆಯನ್ನು ಪ್ರೀತಿಸಬೇಕು.

ಆ ಅಪರಿಚಿತ ಮಿಕಾಯೇಲ ಎಂಬ ಹೆಸರಿನಿಂದ ಅವರ ಮನೆಯಲ್ಲೇ ಉಳಿದು ಕಸುಬು ಕಲಿಯುತ್ತಾನೆ. ಆರನೆಯ ವರ್ಷದಲ್ಲಿ ಅವನ ನಿಜರೂಪ ಬಯಲಾಗುತ್ತದೆ. ಅವನೊಬ್ಬ ದೇವದೂತ. ಅವಳಿ ಹೆಣ್ಣುಮಕ್ಕಳನ್ನು ಹೆತ್ತ ತಾಯಿಯೊಬ್ಬಳ ಆತ್ಮವನ್ನು ತರಲು ಕಳುಹಿಸಲ್ಪಟ್ಟಿದ್ದವನು. ತಂದೆ ಮೂರು ದಿನದ ಹಿಂದೆಯಷ್ಟೇ ಮರ ಬಿದ್ದು ಸತ್ತಿದ್ದ. ತಾಯಿಯೂ ಹೋದರೆ ಮಕ್ಕಳ ಗತಿಯೇನೆಂದು ಕನಿಕರಿಸಿ ಬರಿಗೈಯಲ್ಲಿ ಮರಳಿದ್ದಕ್ಕೆ ಅವನಿಗೆ ಶಿಕ್ಷೆಯಾಗಿತ್ತು. ಮನುಷ್ಯನಲ್ಲಿ ಏನು ನೆಲೆಸಿದೆ, ಮನುಷ್ಯನಿಗೆ ಏನನ್ನು ತಿಳಿಯಲು ಕೊಟ್ಟಿಲ್ಲ, ಮನುಷ್ಯರು ಯಾವುದರಿಂದ ಬದುಕುತ್ತಾರೆ ಎಂಬ ಮೂರು ಪಾಠಗಳನ್ನು ಅವನು ಭೂಮಿಯಲ್ಲಿ ಕಲಿಯಬೇಕಿತ್ತು.

ಆಗ ಅವನು, ನಾವು ಮೊದಲು ಸೆಮ್ಯೋನ್‌ನ ಕಡೆಯಿಂದ ಕಂಡ ದೃಶ್ಯವನ್ನೇ ತನ್ನ ಕಡೆಯಿಂದ ಮತ್ತೊಮ್ಮೆ ಹೇಳುತ್ತಾನೆ. ದಾಟಿ ಹೋದ ಸೆಮ್ಯೋನ್‌ನ ಮುಖದಲ್ಲಿ ಸಾವಿನ ಛಾಯೆಯಿತ್ತು. ಹಿಂದಿರುಗಿ ಬಂದಾಗ ಅದೇ ಮನುಷ್ಯನೆಂದು ಗುರುತೇ ಸಿಗಲಿಲ್ಲ, ಅಷ್ಟು ಜೀವಕಳೆ ಬಂದಿತ್ತು. ಮತ್ರಿಯೋನಾಳ ವಿಷಯದಲ್ಲಿಯೂ ಹಾಗೆಯೇ. ಪ್ರೀತಿಸುವವನು ಮರಣವನ್ನು ದಾಟಿ ಜೀವಕ್ಕೆ ಸೇರಿದ್ದಾನೆಂದು ಸಂತ ಯೊವಾನ್ನನು ತನ್ನ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿ ಹೇಳುವುದನ್ನು ಲೇಖಕರು ಇಬ್ಬರು ಬಡವರ ಮುಖದ ಮೇಲೆ ಬರೆದು ತೋರಿಸಿದ್ದಾರೆ. ಚಳಿಯಲ್ಲಿ ಸಾಯಲಿದ್ದವನು ಗುಡಿಯ ಬಳಿ ಕುಳಿತವನು ಎಂದುಕೊಂಡು ನಾವು ಓದುತ್ತ ಬಂದೆವು. ಸಾವು ದಾರಿಯಲ್ಲಿ ನಡೆದು ಹೋಗುತ್ತಿದ್ದವನಲ್ಲಿಯೂ ಇತ್ತು.

ಈ ಕಥೆಯಲ್ಲಿ ದೋಷಗಳಿಲ್ಲವೇ? ಇವೆ. ಅಪರಿಚಿತನು ಕೊನೆಗೆ ದೇವದೂತನಾಗುವುದು ಜನಪದ ಕಥೆಯ ಸೊಗಸು. ಅಬ್ರಹಾಮನ ಗುಡಾರಕ್ಕೆ ಬಂದ ಮೂವರು, ತೊಬಿತನ ಗ್ರಂಥದ ರಫಾಯೇಲ, ಅರಿಯದೆಯೇ ದೇವದೂತರನ್ನು ಸತ್ಕರಿಸಿದವರುಂಟೆಂದು ನೆನಪಿಸುವ ಹಿಬ್ರಿಯರಿಗೆ ಬರೆದ ಪತ್ರ, ಇವೆಲ್ಲವೂ ಅದರ ಬೆನ್ನಿಗಿವೆ. ಆದರೂ ಒಂದು ಅಪಾಯವಿದೆ. ಮಿಕಾಯೇಲ ಬಂದ ಮೇಲೆ ಸೆಮ್ಯೋನ್‌ನ ಕಸುಬು ಸುತ್ತಲೂ ಹೆಸರಾಗಿ ಕೈ ತುಂಬುತ್ತದೆ. ಹಾಗಾದರೆ ಕೊಟ್ಟದ್ದು ಲಾಭದ ವ್ಯವಹಾರವಾಯಿತಲ್ಲ! ನಮ್ಮ ಬಾಗಿಲಿಗೆ ಬರುವ ಹಸಿದವರು ಬಹುಮಟ್ಟಿಗೆ ದೇವದೂತರಾಗಿರುವುದಿಲ್ಲ. ಕೆಲವರು ಕುಡುಕರು, ಕೆಲವರು ಸುಳ್ಳು ಹೇಳುವವರು, ಹಲವರು ಒಂದು ಧನ್ಯವಾದವನ್ನೂ ಹೇಳದೆ ಹೋಗುವವರು. ಸಂತ ಮತ್ತಾಯನ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಹಸಿದವನು ಹಸಿದವನಾಗಿಯೇ ಉಳಿಯುತ್ತಾನೆ. ಪ್ರಭುವು ಅವನಲ್ಲಿ ಮರೆಯಾಗಿರುತ್ತಾರೆ. ಉಣಬಡಿಸಿದವರಿಗೂ ಅದು ಕೊನೆಯ ದಿನದವರೆಗೆ ತಿಳಿಯುವುದಿಲ್ಲ.

ಎರಡನೆಯ ಪಾಠವನ್ನು ಕಲಿಸುವ ಸಿರಿವಂತನ ಪ್ರಸಂಗವೂ ಉಳಿದುದರಷ್ಟು ಸಹಜವಾಗಿಲ್ಲ. ಇಪ್ಪತ್ತು ರೂಬಲ್ ಬೆಲೆಯ ಚರ್ಮ ತಂದು, ಒಂದು ವರ್ಷ ಹೊಲಿಗೆ ಬಿಡಬಾರದೆಂದು ಗದರಿಸಿದವನು ಅದೇ ದಿನ ಗಾಡಿಯಲ್ಲೇ ಸಾಯುತ್ತಾನೆ. ಸೆಮ್ಯೋನ್‌ನ ಇಪ್ಪತ್ತು ಕೊಪೆಕ್ಕಿನ ಎದುರು ಅದರ ನೂರು ಪಟ್ಟಿನ ಚರ್ಮವನ್ನು ಇಟ್ಟಿರುವುದು ಚೆನ್ನಾಗಿದೆ. ಆದರೆ ಆ ಮನುಷ್ಯನೇ ಪಾಠಕ್ಕಾಗಿ ತಂದು ನಿಲ್ಲಿಸಿದ ಗೊಂಬೆಯಂತೆ ಕಾಣುತ್ತಾನೆ. ಸೆಮ್ಯೋನ್‌ಗೆ ಎರಡನೆಯ ಯೋಚನೆಗೆ ಎಡೆ ಕೊಟ್ಟ ಲೇಖಕರು ಇವನಿಗೆ ಅದನ್ನು ಕೊಡಲಿಲ್ಲ.

ಮೊದಲ ದೋಷವನ್ನು ಕಥೆಯೇ ತಿದ್ದಿಕೊಳ್ಳುತ್ತದೆ. ಕೊನೆಯ ಭಾಗದಲ್ಲಿ ಇಬ್ಬರು ಹುಡುಗಿಯರಿಗೆ ಜೋಡು ಮಾಡಿಸಲು ಒಬ್ಬ ಹೆಂಗಸು ಬರುತ್ತಾಳೆ. ಒಬ್ಬಳ ಕಾಲು ಊನ. ಅವರೇ ಆ ಅನಾಥ ಅವಳಿಗಳು. ಈಕೆ ಅವರಿಗೆ ರಕ್ತಸಂಬಂಧಿಯಲ್ಲ, ನೆರೆಯವಳು. ಆ ದಿನ ಊರಿನಲ್ಲಿ ಎದೆಹಾಲಿದ್ದವಳು ಇವಳೊಬ್ಬಳೇ ಎಂದು ಜನ ಕೂಸುಗಳನ್ನು ಇವಳ ಕೈಗಿಟ್ಟರು. ತನ್ನ ಎಂಟು ವಾರದ ಗಂಡುಮಗುವಿನೊಡನೆ ಮೂರು ಮಕ್ಕಳಿಗೆ ಹಾಲೂಡಿದಳು. ಮೊದಮೊದಲು ಕಾಲು ಊನವಾದ ಕೂಸು ಉಳಿಯಲಾರದೆಂದು ಅದಕ್ಕೆ ಹಾಲು ಕೊಟ್ಟಿರಲಿಲ್ಲ. ಆಮೇಲೆ ಮನಸ್ಸು ತಡೆಯದೆ ಅದಕ್ಕೂ ಕೊಟ್ಟಳು. ಇವಳೂ ಹಿಂದಿರುಗಿದವಳೇ! ಎರಡನೆಯ ವರ್ಷ ಅವಳ ಸ್ವಂತ ಮಗು ತೀರಿಕೊಂಡಿತು, ಮತ್ತೆ ಮಕ್ಕಳಾಗಲಿಲ್ಲ. ಇವಳ ಬಾಗಿಲಿಗೆ ಯಾವ ದೇವದೂತನೂ ಬರಲಿಲ್ಲ. ಬಂದವು ಎರಡು ಸಾಮಾನ್ಯ ಕೂಸುಗಳು. ದೇವದೂತ ಮೂರನೆಯ ಬಾರಿಗೆ ನಗುವುದು ಇವಳನ್ನು ಕಂಡು. ಮಕ್ಕಳ ಗತಿಯೇನೆಂದು ಅವನು ಅಂದು ಕೇಳಿದ್ದಕ್ಕೆ ಉತ್ತರ ಈ ಹೆಂಗಸು.

ಇನ್ನೊಂದು ಎಳೆಯನ್ನು ಕಥೆ ಕೊನೆಯವರೆಗೂ ಕೈಬಿಟ್ಟಿದೆ. ಸೆಮ್ಯೋನ್‌ಗೆ ರೈತರು ಕೊಡಬೇಕಾಗಿದ್ದ ಬಾಕಿ ಏನಾಯಿತು? ದುಡಿದ ಹಣ ಸಕಾಲಕ್ಕೆ ಬಂದಿದ್ದರೆ ಆ ಮನೆಗೆ ಚಳಿಯ ಭಯವಿರುತ್ತಿರಲಿಲ್ಲ. ಕೂಲಿಯವರಿಗೆ ಕೊಡದೆ ಉಳಿಸಿಕೊಂಡ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತದೆಂದು ಎಚ್ಚರಿಸುವ ಸಂತ ಯಕೋಬನ ಪತ್ರದ ಐದನೆಯ ಅಧ್ಯಾಯವನ್ನು ಇಲ್ಲಿ ನಾವೇ ಸೇರಿಸಿ ಓದಿಕೊಳ್ಳಬೇಕು. ಇದು ಕೇವಲ ಸಾಹಿತ್ಯದ ಮಾತಲ್ಲ. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಕೆಲಸವೂ ಕೂಲಿಯೂ ನಿಂತುಹೋದ ಕಾರ್ಮಿಕರು ಗಂಟುಮೂಟೆ ಹೊತ್ತು, ಮಕ್ಕಳನ್ನು ಎತ್ತಿಕೊಂಡು ನೂರಾರು ಮೈಲಿ ನಡೆದರು. ದಾರಿಯುದ್ದಕ್ಕೂ ಗುರುತಿಲ್ಲದ ಜನ ಅನ್ನ ನೀರು ಕೊಟ್ಟರು; ಸವೆದ ಕಾಲುಗಳಿಗೆ ಚಪ್ಪಲಿಯನ್ನೂ ಕೊಟ್ಟರು. ಆ ದಯೆಯನ್ನು ನೆನೆದು ನಾವು ಹಿಗ್ಗುವುದು ಸರಿಯೇ. ಆದರೆ ಸಲ್ಲಬೇಕಾದ ಕೂಲಿ ಸಂದಿದ್ದರೆ ಅವರಲ್ಲಿ ಎಷ್ಟು ಮಂದಿ ಆ ಬಿಸಿಲಿನಲ್ಲಿ ನಡೆಯಬೇಕಾಗುತ್ತಿತ್ತು? ಅಪರಿಚಿತರ ದಯೆ ನ್ಯಾಯದ ಸ್ಥಾನವನ್ನು ತುಂಬಲಾರದು. ನ್ಯಾಯ ತಪ್ಪಿದ ದಾರಿಯಲ್ಲಿ ಅದು ಮನುಷ್ಯನನ್ನು ಸಾಯಲು ಬಿಡುವುದಿಲ್ಲ, ಅಷ್ಟೆ.

ಈ ಎಲ್ಲ ಮಿತಿಗಳ ನಡುವೆಯೂ ಈ ಕಥೆ ನಮ್ಮ ಮನೆಗಳಲ್ಲಿ ಓದಿಸಿಕೊಳ್ಳಲು ಅರ್ಹವಾಗಿದೆ. ಮಕ್ಕಳಿಗೆ ಇದನ್ನು ಓದಿ ಹೇಳುವ ತಂದೆತಾಯಿಗಳು ದೇವದೂತನ ಭಾಗಕ್ಕೆ ಅವಸರಪಡದೆ, ಗುಡಿಯನ್ನು ದಾಟಿದ ಮೇಲಿನ ಆ ಕೆಲವು ಹೆಜ್ಜೆಗಳ ಬಳಿ ಸ್ವಲ್ಪ ನಿಲ್ಲಲಿ. ಮೊದಲ ನೋಟದಲ್ಲಿ ನಮ್ಮೊಳಗೆ ಏಳುವ ಭಯ, ಲೆಕ್ಕಾಚಾರ, ಬೇಸರ ಇವು ಮನುಷ್ಯಸಹಜ. ಅವು ಎದ್ದವೆಂಬ ಕಾರಣಕ್ಕೆ ತಾನು ಕೆಟ್ಟವನೆಂದು ಯಾರೂ ತೀರ್ಮಾನಿಸಬೇಕಾಗಿಲ್ಲ. ದಾಟಿ ಬಂದೆನಲ್ಲ, ಇನ್ನೇನೆಂದು ನಡೆದುಬಿಡಲೂ ಬೇಕಾಗಿಲ್ಲ. ಸೆಮ್ಯೋನ್ ಗುಡಿಯನ್ನು ದಾಟಿದ್ದ. ಹಿಂದಿರುಗಲು ಅವನಿಗೆ ಇನ್ನೂ ಹೊತ್ತಿತ್ತು.